ಮೊದಲು ಮೆಮೊರಿ ಲೆಕ್ಕ, ಆಮೇಲೆ ಪ್ರೊಸೆಸರ್: ಮನೆಯಲ್ಲೇ ಕಟ್ಟುವ ಕಂಪ್ಯೂಟರ್‌ಗೆ ಯಾವುದು ಸರಿ?

ಮನೆಯಲ್ಲೇ ಕಂಪ್ಯೂಟರ್ ಕಟ್ಟಲು ಹೊರಟವರ ಪಟ್ಟಿ ನೋಡಿ. ಮೇಲೆ ಪ್ರೊಸೆಸರ್ ಇರುತ್ತದೆ, ಅದರ ಕೆಳಗೆ ಗ್ರಾಫಿಕ್ಸ್ ಕಾರ್ಡ್, ಆಮೇಲೆ ಯಾವುದೋ ಒಂದು ಮದರ್‌ಬೋರ್ಡ್, ಕೊನೆಯ ಸಾಲಿನಲ್ಲಿ ಉಳಿದ ದುಡ್ಡಿಗೆ ಸಿಕ್ಕಿದ ರ‍್ಯಾಮ್. ಈ ಕ್ರಮವೇ ಸರಿಯಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಪ್ರೊಸೆಸರ್ ಮತ್ತು ಮೆಮೊರಿ (ಅಂದರೆ ರ‍್ಯಾಮ್) ಎರಡು ಬೇರೆ ಬೇರೆ ಆಯ್ಕೆಗಳಲ್ಲ, ಒಂದೇ ಆಯ್ಕೆ. ಪ್ರೊಸೆಸರ್ ಇದು ಅಂದ ಕೂಡಲೇ ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಯಾವುದು ಅಂತ ತೀರ್ಮಾನ ಆಗಿಬಿಡುತ್ತದೆ, ಸಾಕೆಟ್ ತೀರ್ಮಾನ ಆದರೆ ಹಳೆಯ ಪೀಳಿಗೆಯ ರ‍್ಯಾಮ್ ಡಿಡಿಆರ್4 ಹಾಕಬೇಕಾ ಹೊಸ ಪೀಳಿಗೆಯ ಡಿಡಿಆರ್5 ಹಾಕಬೇಕಾ ಅನ್ನೋದೂ ಹೆಚ್ಚಿನ ಸಲ ತೀರ್ಮಾನ ಆಗುತ್ತದೆ, ನಾಲ್ಕು ವರ್ಷದ ನಂತರ ಯಾವ ಭಾಗ ಬದಲಾಯಿಸಬಹುದು, ಯಾವುದನ್ನು ಪೂರ್ತಿ ಕಿತ್ತು ಹಾಕಬೇಕು ಅನ್ನೋದು ಕೂಡ ಅಲ್ಲೇ ನಿರ್ಧಾರ ಆಗಿರುತ್ತದೆ.

ಅದರಲ್ಲೂ 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜೋರಾಗಿ ಏರಿದ ಮೇಲೆ ಈ ಮಾತು ಇನ್ನೂ ಮುಖ್ಯ. ಮೊದಲೆಲ್ಲ ಚಿಲ್ಲರೆ ಖರ್ಚು ಅನ್ನಿಸುತ್ತಿದ್ದ ಮೆಮೊರಿ ಈಗ ಪ್ರೊಸೆಸರ್ ಯಾವುದು ತಗೊಳ್ಳಬೇಕು ಅನ್ನೋದನ್ನೇ ಬದಲಾಯಿಸುವಷ್ಟು ದೊಡ್ಡ ಖರ್ಚಾಗಿದೆ.

ನಿಮ್ಮ ಕಂಪ್ಯೂಟರ್ ಯಾವುದಕ್ಕೆ ಕಾಯುತ್ತಿದೆ?

ಹೊಸದು ಆರಿಸುವ ಮೊದಲು ಈಗಿರುವ ಯಂತ್ರವನ್ನು ಸ್ವಲ್ಪ ಗಮನಿಸಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ನೀವು ದಿನಾ ಮಾಡುವ ಕೆಲಸವನ್ನೇ ಮಾಡಿ. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ಇದ್ದರೆ ಇರಲಿ, ಮುಚ್ಚಬೇಡಿ.

ಮೆಮೊರಿ ಭಾಗದಲ್ಲಿ ಕಮಿಟೆಡ್ ಅಂತ ಎರಡು ಸಂಖ್ಯೆ ಕಾಣುತ್ತವೆ. ಮೊದಲನೆಯದು (ಪ್ರೋಗ್ರಾಮ್‌ಗಳು ಕೇಳಿಟ್ಟುಕೊಂಡಿರುವ ಮೆಮೊರಿ) ಯಾವಾಗಲೂ ನಿಮ್ಮ ರ‍್ಯಾಮ್‌ಗಿಂತ ಜಾಸ್ತಿ ಇದ್ದು, ಒಂದು ಪ್ರೋಗ್ರಾಮ್‌ನಿಂದ ಇನ್ನೊಂದಕ್ಕೆ ಹೋದಾಗೆಲ್ಲ ಎಸ್‌ಎಸ್‌ಡಿ (ಫೈಲ್‌ಗಳನ್ನು ಇಡುವ ಡ್ರೈವ್) ಚಟುವಟಿಕೆ ಮೇಲಕ್ಕೆ ಜಿಗಿಯುತ್ತಿದ್ದರೆ ನಿಮಗೆ ಬೇಕಿರುವುದು ಹೊಸ ಪ್ರೊಸೆಸರ್ ಅಲ್ಲ, ಹೆಚ್ಚು ರ‍್ಯಾಮ್. ರ‍್ಯಾಮ್‌ಗೆ ಹೋಗಿಬರಲು ನೂರರ ಆಸುಪಾಸು ನ್ಯಾನೋಸೆಕೆಂಡ್ ಸಾಕು. ರ‍್ಯಾಮ್ ಸಾಲದಾದಾಗ ವಿಂಡೋಸ್ ಒಂದಷ್ಟು ಮಾಹಿತಿಯನ್ನು ಎಸ್‌ಎಸ್‌ಡಿಗೆ ಸರಿಸುತ್ತದೆ, ಎಂಥ ಒಳ್ಳೆಯ ಎಸ್‌ಎಸ್‌ಡಿ ಆದರೂ ಅದಕ್ಕೆ ಹತ್ತಾರು ಸಾವಿರ ನ್ಯಾನೋಸೆಕೆಂಡ್ ಬೇಕು. ಈ ಅಂತರವನ್ನು ಯಾವ ಪ್ರೊಸೆಸರ್ ಕೂಡ ತುಂಬಿಕೊಡಲಾರದು.

ಪ್ರೊಸೆಸರ್ ಭಾಗದಲ್ಲಿ ಒಂದು ಸಂಗತಿ ತುಂಬ ಜನರನ್ನು ದಾರಿ ತಪ್ಪಿಸುತ್ತದೆ. ಒಟ್ಟು ಬಳಕೆ ಶೇಕಡಾ 15 ಅಂತ ತೋರಿಸುತ್ತಿರುತ್ತದೆ, ಆದರೂ ಕೆಲಸ ನಿಧಾನ. ಪ್ರೊಸೆಸರ್ ಖಾಲಿ ಕೂತಿದೆ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಕೋರ್ ಅಂದರೆ ಪ್ರೊಸೆಸರ್ ಒಳಗಿನ ದುಡಿಯುವ ಘಟಕ, ಅದು ಓಡಿಸುವ ಒಂದೊಂದು ಕೆಲಸದ ಸಾಲು ಥ್ರೆಡ್. 12 ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಸುಮಾರು ಶೇಕಡಾ 8 ಮಾತ್ರ. ಅಂದರೆ ನಿಮ್ಮ ಕೆಲಸ ಒಂದೆರಡು ಥ್ರೆಡ್ ಮೇಲೆ ನಿಂತಿದೆ, 16 ಕೋರ್ ತಂದು ಹಾಕಿದರೂ ಅದು ಓಡುವುದಿಲ್ಲ, ಒಂದೊಂದು ಕೋರ್ ವೇಗವಾಗಿರುವ ಪ್ರೊಸೆಸರ್ ಬೇಕು. ಎಲ್ಲ ಥ್ರೆಡ್‌ಗಳೂ ತುಂಬಿ ಶೇಕಡಾ 100ಕ್ಕೆ ಅಂಟಿಕೊಂಡಿದ್ದರೆ ಮಾತ್ರ ಹೆಚ್ಚು ಕೋರ್‌ಗೆ ಅರ್ಥವಿದೆ.

ಗೇಮ್ ಆಡುವವರು ಗ್ರಾಫಿಕ್ಸ್ ಕಾರ್ಡ್ ಬಳಕೆ ನೋಡಿ. ಅದು ಆಟದುದ್ದಕ್ಕೂ ಶೇಕಡಾ 97, 98 ಇದ್ದರೆ ಹೊಸ ಪ್ರೊಸೆಸರ್‌ನಿಂದ ಏನೂ ಬದಲಾಗದು. ಶೇಕಡಾ 60ಕ್ಕೆ ನಿಂತಿದ್ದು, ಫ್ರೇಮ್ ಮಿತಿಯನ್ನು ನೀವೇ ಹಾಕಿಲ್ಲ ಅಂತಾದರೆ ಪ್ರೊಸೆಸರ್ ಅಥವಾ ಮೆಮೊರಿ ಅದನ್ನು ಕಾಯುವಂತೆ ಮಾಡುತ್ತಿದೆ. ಪ್ರೊಸೆಸರ್ ಪರೀಕ್ಷೆಗಳ ಗ್ರಾಫ್‌ಗಳನ್ನು ನೋಡುವಾಗಲೂ ಇದು ನೆನಪಿರಲಿ. ಅವನ್ನು ಬೇಕಂತಲೇ 1080ಪಿ ರೆಸಲ್ಯೂಷನ್‌ನಲ್ಲಿ, ಇರುವುದರಲ್ಲೇ ಅತಿ ಬಲವಾದ ಗ್ರಾಫಿಕ್ಸ್ ಕಾರ್ಡ್ ಹಾಕಿ ಮಾಡಿರುತ್ತಾರೆ, ಯಾಕೆಂದರೆ ಪ್ರೊಸೆಸರ್‌ಗಳ ನಡುವಿನ ವ್ಯತ್ಯಾಸ ಕಾಣಿಸಬೇಕು. ನಿಮ್ಮದು ಮಧ್ಯಮ ಕಾರ್ಡ್, ಅದಕ್ಕಿಂತ ಹೆಚ್ಚು ಪಿಕ್ಸೆಲ್ ಇರುವ 1440ಪಿ ಮಾನಿಟರ್ ಆಗಿದ್ದರೆ ಆ ವ್ಯತ್ಯಾಸದಲ್ಲಿ ಬಹುಪಾಲು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಸಾಕೆಟ್: ಇಲ್ಲಿಂದಲೇ ಎಲ್ಲ ಶುರು

ಸದ್ಯಕ್ಕೆ ಲೆಕ್ಕಕ್ಕೆ ಬರುವ ಸಾಕೆಟ್‌ಗಳು ನಾಲ್ಕು. ಪ್ರೊಸೆಸರ್ ಮಾಡುವ ಎರಡು ಕಂಪನಿಗಳಲ್ಲಿ ಎಎಂಡಿಯದ್ದು ಎಎಂ4 ಮತ್ತು ಎಎಂ5, ಇಂಟೆಲ್‌ದು ಎಲ್‌ಜಿಎ 1700 ಮತ್ತು ಎಲ್‌ಜಿಎ 1851.

ಎಎಂ4 ಹಳೆಯದು, ಡಿಡಿಆರ್4 ಮಾತ್ರ. ಎಎಂಡಿಯ ರೈಜೆನ್ ಪ್ರೊಸೆಸರ್‌ಗಳು 2017ರಲ್ಲಿ ಬಂದಾಗಿನಿಂದ ಇರುವ ಸಾಕೆಟ್ ಇದು. ಆದರೆ ಇದರ ಬಗ್ಗೆ ನನಗೆ ತುಂಬ ಗೌರವ ಇದೆ. 2017ರ ಮೊದಲ ಬೋರ್ಡ್‌ಗಳಲ್ಲಿ ಅನೇಕವಕ್ಕೆ ಬಯಾಸ್ (ಬೋರ್ಡ್ ಒಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ 2022ರ ರೈಜೆನ್ 7 5800ಎಕ್ಸ್3ಡಿ ಹಾಕಬಹುದಿತ್ತು. ಐದು ವರ್ಷದ ಅಂತರದ ಪ್ರೊಸೆಸರ್, ಅದೇ ಬೋರ್ಡ್, ಅದೇ ರ‍್ಯಾಮ್. ಸಾಕೆಟ್ ಬಾಳಿಕೆ ಅಂದರೆ ಇದು. ಹೊಸದಾಗಿ ಎಎಂ4 ಕಟ್ಟಬೇಕಾ ಅಂದರೆ, ನಿಮ್ಮ ಹತ್ತಿರ ಆಗಲೇ ಒಳ್ಳೆಯ ಡಿಡಿಆರ್4 ಇದ್ದರೆ ಖಂಡಿತ ಯೋಚಿಸಬಹುದು. ಇಲ್ಲದಿದ್ದರೆ ಮುಂದೆ ಹೋಗಲು ದಾರಿಯಿಲ್ಲದ ಕಡೆ ಹೊಸ ದುಡ್ಡು ಹಾಕಿದಂತೆ ಆಗುತ್ತದೆ.

ಎಲ್‌ಜಿಎ 1700ರಲ್ಲಿ ಇಂಟೆಲ್‌ನ 12, 13 ಮತ್ತು 14ನೇ ಪೀಳಿಗೆ ಬಂದವು. ಇದರ ವಿಶೇಷ ಏನೆಂದರೆ ಪ್ರೊಸೆಸರ್ ಡಿಡಿಆರ್4 ಮತ್ತು ಡಿಡಿಆರ್5 ಎರಡನ್ನೂ ಓಡಿಸಬಲ್ಲದು, ಆದರೆ ಬೋರ್ಡ್ ಸಾಮಾನ್ಯವಾಗಿ ಎರಡರಲ್ಲಿ ಒಂದಕ್ಕೆ ಮಾತ್ರ ಮಾಡಿರುತ್ತದೆ. ಎರಡೂ ಬಗೆಯ ರ‍್ಯಾಮ್ ಸ್ಟಿಕ್‌ಗಳಿಗೆ 288 ಪಿನ್‌ಗಳೇ, ನೋಡಲು ಒಂದೇ ಥರ ಕಾಣುತ್ತವೆ, ಆದರೆ ನಡುವಿನ ಸೀಳು ಬೇರೆ ಜಾಗದಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಒತ್ತಿದರೆ ಮುರಿಯುತ್ತದೆ ಅಷ್ಟೆ. ಬೋರ್ಡ್ ಹೆಸರಿನ ಕೊನೆಗೆ ಡಿ4 ಅಂತ ಇದೆಯಾ ಅಂತ ಎರಡು ಸಲ ನೋಡಿ ಕೊಳ್ಳಿ.

ಎಎಂ5 ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, ರೈಜೆನ್ 7000 ಜೊತೆ. ಡಿಡಿಆರ್5 ಮಾತ್ರ. ಇದಕ್ಕೆ ಕನಿಷ್ಠ 2027ರವರೆಗೆ ಬೆಂಬಲ ಇರುತ್ತದೆ ಅಂತ ಎಎಂಡಿ ಬಹಿರಂಗವಾಗಿ ಹೇಳಿದೆ. ಎಲ್‌ಜಿಎ 1851 ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಕೋರ್ ಅಲ್ಟ್ರಾ 200 ಸರಣಿಗೆ. ಅದಕ್ಕೂ ಡಿಡಿಆರ್5 ಮಾತ್ರ.

ಖಾಲಿ ಕೈಯಿಂದ ಶುರು ಮಾಡುವವರಿಗೆ, ಹಳೆಯ ಯಾವ ಭಾಗವೂ ಇಲ್ಲದವರಿಗೆ, ನನ್ನ ಮೊದಲ ಮಾತು ಎಎಂ5. ಈಗ ಸಾಧಾರಣ ಆರು ಕೋರ್‌ನದ್ದು ಹಾಕಿ, ಕೆಲವು ವರ್ಷ ಬಿಟ್ಟು ಅದೇ ಬೋರ್ಡ್ ಮತ್ತು ಅದೇ ರ‍್ಯಾಮ್ ಮೇಲೆ ಬಲವಾದದ್ದು ಹಾಕುವ ದಾರಿ ಅಲ್ಲಿದೆ. ಮನೆಯಲ್ಲಿ 32 ಜಿಬಿ ಡಿಡಿಆರ್4 ಸುಮ್ನೆ ಕೂತಿದ್ದರೆ ಮಾತು ಬೇರೆ. ಆಗ ಎಲ್‌ಜಿಎ 1700 ಬೋರ್ಡ್‌ಗೆ ಕೋರ್ ಐ5-12400ಎಫ್, ಅಥವಾ ಎಎಂ4 ಬೋರ್ಡ್‌ಗೆ ರೈಜೆನ್ 5 5600 ಹಾಕಿ ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುವುದೇ ಜಾಣತನ.

ಹಳೆ ಪ್ರೊಸೆಸರ್‌ಗಳನ್ನು ಕೊಳ್ಳುವವರಿಗೆ ಒಂದು ಮಾತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಪೀಳಿಗೆ, ಎಎಂಡಿಯಲ್ಲಿ ರೈಜೆನ್ 2000 ಸರಣಿ ಅಥವಾ ಅದಕ್ಕಿಂತ ಹೊಸದು ಬೇಕು. ಲಿನಕ್ಸ್ ಹಾಕುವವರಿಗೆ ಈ ಚಿಂತೆಯಿಲ್ಲ.

ಪ್ರೊಸೆಸರ್: ಕೋರ್, ಕ್ಯಾಶ್ ಮತ್ತು ಕೊನೆಯ ಅಕ್ಷರ

ಗಿಗಾಹರ್ಟ್ಸ್ ನೋಡಿ ಪ್ರೊಸೆಸರ್ ಆರಿಸುವ ಕಾಲ ಹೋಯಿತು. ಇದಕ್ಕೆ ಎರಡು ಹೆಸರು ಸಾಕು, ರೈಜೆನ್ 7 7700 ಮತ್ತು ರೈಜೆನ್ 7 7800ಎಕ್ಸ್3ಡಿ. ಎರಡಕ್ಕೂ 8 ಕೋರ್, 16 ಥ್ರೆಡ್. 7700 ಗರಿಷ್ಠ 5.3 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, 7800ಎಕ್ಸ್3ಡಿ 5.0ರವರೆಗೆ. ಕಾಗದದ ಮೇಲೆ ಎರಡನೆಯದೇ ನಿಧಾನ. ಆಟಕ್ಕೆ ಕೂತರೆ ಮಾತ್ರ ಅದು ಎಷ್ಟೋ ಆಟಗಳಲ್ಲಿ ಮುಂದೆ ಓಡುತ್ತದೆ, ಕಾರಣ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ಚಿಕ್ಕ ವೇಗದ ಮೆಮೊರಿ. 7700ರಲ್ಲಿ 32 ಎಂಬಿ, 7800ಎಕ್ಸ್3ಡಿಯಲ್ಲಿ 96 ಎಂಬಿ. ಆಟಕ್ಕೆ ಪದೇ ಪದೇ ಬೇಕಾಗುವ ಮಾಹಿತಿ ಪ್ರೊಸೆಸರ್ ಒಳಗೇ ಇದ್ದರೆ ರ‍್ಯಾಮ್‌ಗೆ ಹೋಗಿಬರುವ ಕಾಯುವಿಕೆ ತಪ್ಪುತ್ತದೆ. ಅಡುಗೆಗೆ ಬೇಕಾದ್ದೆಲ್ಲ ಒಲೆಯ ಪಕ್ಕದಲ್ಲೇ ಇದ್ದ ಹಾಗೆ, ಪ್ರತಿ ಸಲ ಉಗ್ರಾಣಕ್ಕೆ ಓಡಬೇಕಿಲ್ಲ.

ಇದರಿಂದ ಮೆಮೊರಿ ಆಯ್ಕೆಗೂ ಒಂದು ಲಾಭ ಇದೆ. ಎಕ್ಸ್3ಡಿ ಪ್ರೊಸೆಸರ್‌ಗಳು ರ‍್ಯಾಮ್ ವೇಗದ ಮೇಲೆ ಅಷ್ಟಾಗಿ ಅವಲಂಬಿಸುವುದಿಲ್ಲ, ಹಾಗಾಗಿ ಅವುಗಳ ಜೊತೆ ದುಬಾರಿ ಕಿಟ್ (ಒಂದೇ ಪೆಟ್ಟಿಗೆಯಲ್ಲಿ ಬರುವ ರ‍್ಯಾಮ್ ಸ್ಟಿಕ್‌ಗಳ ಜೋಡಿ) ಹಾಕುವ ಅಗತ್ಯವೇ ಇಲ್ಲ. ಪ್ರೊಸೆಸರ್‌ಗೆ ಕೊಟ್ಟ ಹೆಚ್ಚಿನ ದುಡ್ಡಿನಲ್ಲಿ ಒಂದಷ್ಟನ್ನು ರ‍್ಯಾಮ್‌ನಲ್ಲಿ ಉಳಿಸಬಹುದು. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಈ ಹೆಚ್ಚುವರಿ ಕ್ಯಾಶ್ ಅನ್ನು ಕೋರ್‌ಗಳ ಮೇಲಿನಿಂದ ಕೆಳಕ್ಕೆ ಇಳಿಸಿದರು. ಕೋರ್‌ಗಳ ಶಾಖ ನೇರವಾಗಿ ಕೂಲರ್‌ಗೆ ಹೋಗುವುದರಿಂದ ಅದು ಇನ್ನೂ ವೇಗವಾಗಿ ಓಡಬಲ್ಲದು. ಆಟ ಬಿಟ್ಟರೆ ಬೇರೆ ಭಾರಿ ಕೆಲಸ ಇಲ್ಲ, ಗ್ರಾಫಿಕ್ಸ್ ಕಾರ್ಡ್ ಕೂಡ ದೊಡ್ಡದು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಹೇಳುವುದು ಕಷ್ಟ. ಆದರೆ ಮಧ್ಯಮ ಗ್ರಾಫಿಕ್ಸ್ ಕಾರ್ಡ್ ಜೊತೆ ಇದನ್ನು ಹಾಕಿ, ಕಾರ್ಡ್‌ಗೆ ಹೋಗಬೇಕಿದ್ದ ದುಡ್ಡನ್ನು ಇಲ್ಲಿ ಸುರಿಯುವವರನ್ನು ಕಂಡರೆ ನಿಜಕ್ಕೂ ಬೇಜಾರಾಗುತ್ತದೆ. ಅಂಥವರಿಗೆ ರೈಜೆನ್ 5 7600 ಅಥವಾ 9600ಎಕ್ಸ್ ಸಾಕು, ಸಾಕು ಅಂದರೆ ಧಾರಾಳ.

ಇಂಟೆಲ್ ಕಡೆ ಲೆಕ್ಕ ಬೇರೆ ಥರ. 12ನೇ ಪೀಳಿಗೆಯಿಂದ ಅನೇಕ ಪ್ರೊಸೆಸರ್‌ಗಳಲ್ಲಿ ಎರಡು ಬಗೆಯ ಕೋರ್ ಇವೆ, ವೇಗದ ಪಿ ಕೋರ್ ಮತ್ತು ಚಿಕ್ಕದಾದ ಇ ಕೋರ್. ಹಾಗಾಗಿ 14 ಕೋರ್ ಅಂದ ಕೂಡಲೇ ಹಿಗ್ಗಬೇಡಿ, ಅದರಲ್ಲಿ ಪಿ ಎಷ್ಟು ಅಂತ ಕೇಳಿ. ಕೋರ್ ಐ5-14600ಕೆಯಲ್ಲಿ 6 ಪಿ, 8 ಇ, ಒಟ್ಟು 20 ಥ್ರೆಡ್. ಆಟಕ್ಕೆ ಆ ಆರು ಪಿ ಕೋರ್‌ಗಳೇ ಮುಖ್ಯ. ವಿಡಿಯೊ ರೆಂಡರ್, ಕೋಡ್ ಕಂಪೈಲ್, ಫೋಟೋಗಳ ರಾಶಿಯನ್ನು ಒಟ್ಟಿಗೇ ಎಕ್ಸ್‌ಪೋರ್ಟ್ ಮಾಡುವ ಕೆಲಸಗಳಲ್ಲಿ ಇ ಕೋರ್‌ಗಳು ಚೆನ್ನಾಗಿಯೇ ದುಡಿಯುತ್ತವೆ. ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೈಪರ್ ಥ್ರೆಡಿಂಗ್ (ಒಂದು ಪಿ ಕೋರ್ ಎರಡು ಥ್ರೆಡ್ ಓಡಿಸುವ ವ್ಯವಸ್ಥೆ) ತೆಗೆದುಹಾಕಿದ್ದಾರೆ. ಅಲ್ಟ್ರಾ 7 265ಕೆಯಲ್ಲಿ 8 ಪಿ, 12 ಇ, ಥ್ರೆಡ್ ಕೂಡ ಅಷ್ಟೇ 20. ಕೆಲಸದ ಯಂತ್ರವಾಗಿ ಅದು ಒಳ್ಳೆಯದು, ಆಟಕ್ಕೆ ಮಾತ್ರ ಎಕ್ಸ್3ಡಿಗಳ ಎದುರು ನಿಲ್ಲುವುದಿಲ್ಲ.

13 ಮತ್ತು 14ನೇ ಪೀಳಿಗೆಯ ಬಲವಾದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನ ವೋಲ್ಟೇಜ್‌ನಿಂದ ಕ್ರ್ಯಾಶ್ ಆಗುವ ತೊಂದರೆ ಕಂಡುಬಂದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಇಂಟೆಲ್ 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊಸ ಮೈಕ್ರೋಕೋಡ್ (ಬಯಾಸ್ ಅಪ್‌ಡೇಟ್ ಜೊತೆ ಬರುವ, ಪ್ರೊಸೆಸರ್‌ನದೇ ತಂತ್ರಾಂಶ) ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಹೊಸದು ಕೊಂಡು, ವಿಂಡೋಸ್ ಹಾಕುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡಿದರೆ ಹೆದರಬೇಕಿಲ್ಲ. ಬಳಸಿದ್ದು ಕೊಳ್ಳುವುದಾದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಆಗಲೇ ಹಾನಿಯಾಗಿರುವ ಚಿಪ್ ಅನ್ನು ಅಪ್‌ಡೇಟ್ ಸರಿಮಾಡುವುದಿಲ್ಲ, ಹೊರಗಿನಿಂದ ನೋಡಿ ಹೇಳಲೂ ಆಗುವುದಿಲ್ಲ. 12ನೇ ಪೀಳಿಗೆಗೆ ಈ ತೊಂದರೆ ಇಲ್ಲ.

ಇನ್ನು ಹೆಸರಿನ ಕೊನೆಯ ಅಕ್ಷರ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಬರುವುದಿಲ್ಲ. ಬೆಲೆ ವ್ಯತ್ಯಾಸ ಕಡಿಮೆ ಇದ್ದರೆ ಎಫ್ ಇಲ್ಲದ್ದನ್ನೇ ತಗೊಳ್ಳಿ. ಮುಂದೆ ಯಾವತ್ತಾದರೂ ಕಾರ್ಡ್ ಕೆಟ್ಟಾಗ ಕಂಪ್ಯೂಟರ್ ಆನ್ ಆಗುತ್ತದೆ, ತೊಂದರೆ ಎಲ್ಲಿದೆ ಅಂತ ಹುಡುಕಬಹುದು. ವಿಡಿಯೊ ಎಡಿಟ್ ಮಾಡುವವರಿಗಂತೂ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ನಿಜಕ್ಕೂ ಉಪಯುಕ್ತ, ಅನೇಕ ಕ್ಯಾಮೆರಾಗಳು ಕೊಡುವ 10 ಬಿಟ್ 4:2:2 ಎಚ್‌ಇವಿಸಿ ಫೈಲ್‌ಗಳನ್ನು ಅದು ಸರಾಗವಾಗಿ ಓಡಿಸುತ್ತದೆ. ಕೆ ಅಂದರೆ ಓವರ್‌ಕ್ಲಾಕ್ ಮಾಡಬಹುದಾದ್ದು, ಅಂದರೆ ಅಧಿಕೃತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಬಹುದಾದ್ದು. ನೀವು ಮಾಡುವುದಿಲ್ಲ ಅಂತಾದರೆ ಅದಕ್ಕಾಗಿ ಹೆಚ್ಚು ಕೊಡಬೇಡಿ.

ಎಎಂಡಿಯಲ್ಲಿ ಜಿ ಇದ್ದರೆ ಒಳಗೆ ಬಲವಾದ ಗ್ರಾಫಿಕ್ಸ್ ಇದೆ ಅಂತ ಅರ್ಥ. 5600ಜಿ, 8600ಜಿ, 8700ಜಿ ಈ ಗುಂಪಿನವು. ಕಾರ್ಡ್ ಇಲ್ಲದೆ ಸಣ್ಣ ಪುಟ್ಟ ಆಟ ಆಡುವವರಿಗೆ ಇವು ತುಂಬ ಚೆನ್ನ. ಆದರೆ ಈಗ 5600ಜಿ ಹಾಕಿ ಆಮೇಲೆ ಕಾರ್ಡ್ ಹಾಕುತ್ತೇನೆ ಅನ್ನುವವರು ಒಂದು ವಿಷಯ ನೋಡಬೇಕು. 5600ರಲ್ಲಿ ಎಲ್3 ಕ್ಯಾಶ್ 32 ಎಂಬಿ, 5600ಜಿಯಲ್ಲಿ 16. ಅದರ ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಸಂಪರ್ಕ) ಕೂಡ 4ನೇ ಪೀಳಿಗೆಯದ್ದಲ್ಲ, 3ನೆಯದ್ದು. ಹೆಸರಿನಲ್ಲಿ ಒಂದೇ ಅಕ್ಷರ ವ್ಯತ್ಯಾಸ, ಒಳಗೆ ಬೇರೆಯದೇ ಚಿಪ್.

ಮೆಮೊರಿ: ಮೊದಲು ಎಷ್ಟು, ಆಮೇಲೆ ಎಷ್ಟು ವೇಗ

ಬ್ರೌಸರ್, ಆಫೀಸ್ ಕೆಲಸ, ಸಿನಿಮಾ ನೋಡಲು 16 ಜಿಬಿ. ಆಟ, ಫೋಟೋ, ಸಾಮಾನ್ಯ ವಿಡಿಯೊ ಎಡಿಟಿಂಗ್‌ಗೆ 32. ವರ್ಚುವಲ್ ಮಷೀನ್, ದೊಡ್ಡ ಪ್ರಾಜೆಕ್ಟ್‌ಗಳ ಕಂಪೈಲ್, 4ಕೆ ವಿಡಿಯೊಗೆ 64. ಇದರಲ್ಲಿ ಚರ್ಚೆಗೆ ಹೆಚ್ಚೇನಿಲ್ಲ. ಹೊಸದಾಗಿ ಕಟ್ಟುವಾಗ 8 ಜಿಬಿ ಮಾತ್ರ ಬೇಡವೇ ಬೇಡ.

ಆದರೆ ಕೋರ್ ಮತ್ತು ಮೆಮೊರಿ ಒಟ್ಟಿಗೆ ಬೆಳೆಯಬೇಕು ಅನ್ನೋದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ದೊಡ್ಡ ಸಿ++ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ ಪ್ರತಿ ಥ್ರೆಡ್‌ಗೆ ಒಂದು ಕೆಲಸ ಹೋಗುತ್ತದೆ, ಆ ಒಂದೊಂದು ಕೆಲಸವೂ 1 ಜಿಬಿ, ಕೆಲವು ಸಲ 2 ಜಿಬಿ ತಿನ್ನಬಹುದು. 24 ಥ್ರೆಡ್‌ನ ಪ್ರೊಸೆಸರ್‌ಗೆ 16 ಜಿಬಿ ರ‍್ಯಾಮ್ ಕೊಟ್ಟರೆ ಅರ್ಧ ಥ್ರೆಡ್ ಓಡುವಷ್ಟರಲ್ಲೇ ಮೆಮೊರಿ ಮುಗಿಯುತ್ತದೆ, ಎಸ್‌ಎಸ್‌ಡಿಗೆ ಹೋಗಿಬರುವುದು ಶುರುವಾಗುತ್ತದೆ, ಎಲ್ಲವೂ ತೆವಳುತ್ತದೆ. ಇದೇ ದುಡ್ಡಿಗೆ 12 ಥ್ರೆಡ್ ಮತ್ತು 32 ಜಿಬಿ ತಂದಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಥ್ರೆಡ್‌ಗೆ 2 ಜಿಬಿ ಅನ್ನುವ ಲೆಕ್ಕ ಇಂಥ ಕೆಲಸಕ್ಕೆ ಒಳ್ಳೆಯ ಆರಂಭ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಮನೆಯ ಕಂಪ್ಯೂಟರ್‌ನಲ್ಲೇ ಎಐ ಭಾಷಾ ಮಾದರಿಗಳನ್ನು ಪ್ರೊಸೆಸರ್ ಮೇಲೆ ಓಡಿಸುವವರಿಗೆ ಕೋರ್‌ಗಳಿಗಿಂತ ಮೆಮೊರಿಯ ಹರಿವು (ಸೆಕೆಂಡಿಗೆ ಎಷ್ಟು ಮಾಹಿತಿ ಸಾಗುತ್ತದೆ ಅನ್ನೋದು) ಮುಖ್ಯ. ಸಾಮಾನ್ಯವಾಗಿ ಪ್ರತಿ ಪದದ ತುಣುಕಿಗೂ ಇಡೀ ಮಾದರಿಯನ್ನು ಒಮ್ಮೆ ಓದಬೇಕಾಗುತ್ತದೆ. ಎರಡು ಸ್ಟಿಕ್ ಡಿಡಿಆರ್4-3200 ಸೆಕೆಂಡಿಗೆ ಗರಿಷ್ಠ 51.2 ಜಿಬಿ ಕೊಡುತ್ತದೆ, ಎರಡು ಸ್ಟಿಕ್ ಡಿಡಿಆರ್5-6000 ಗರಿಷ್ಠ 96 ಜಿಬಿ. ಮಾದರಿ 8 ಜಿಬಿ ಇದ್ದರೆ ಮೊದಲನೆಯದರಲ್ಲಿ ಸೆಕೆಂಡಿಗೆ ಆರು ತುಣುಕು ದಾಟುವುದು ಕಷ್ಟ, ಎರಡನೆಯದರಲ್ಲಿ ಹನ್ನೆರಡರ ಹತ್ತಿರ ಹೋಗಬಹುದು. 8 ಕೋರ್ ಬದಲು 16 ಹಾಕಿದರೂ ಈ ಮಿತಿ ಕದಲುವುದಿಲ್ಲ.

ಒಂದು ಸ್ಟಿಕ್ ಹಾಕಬೇಡಿ, ಎರಡು ಹಾಕಿ. ಒಂದೇ ಸ್ಟಿಕ್ ಅಂದರೆ ಹರಿವು ಅರ್ಧ. ಒಳಗಿನ ಗ್ರಾಫಿಕ್ಸ್ ನೆಚ್ಚಿಕೊಂಡವರಿಗೆ ಇದು ದೊಡ್ಡ ಪೆಟ್ಟು, ಯಾಕೆಂದರೆ ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. 8700ಜಿಗೆ ಒಂದೇ ಸ್ಟಿಕ್ ಹಾಕುವವರು 8600ಜಿ ಮತ್ತು ಎರಡು ಸ್ಟಿಕ್ ತಗೊಂಡರೆ ಹೆಚ್ಚು ಸುಖವಾಗಿರುತ್ತಾರೆ. ಇನ್ನೊಂದು ಚಿಕ್ಕ ವಿವರ, ಡಿಡಿಆರ್5ನಲ್ಲಿ 8 ಜಿಬಿ ಸ್ಟಿಕ್‌ಗಳಲ್ಲಿ ಚಿಪ್‌ಗಳೇ ಕಡಿಮೆ, 16 ಜಿಬಿ ಸ್ಟಿಕ್‌ಗಿಂತ ಅವು ಸ್ವಲ್ಪ ನಿಧಾನ. ಬೆಲೆ ಒಪ್ಪಿದರೆ 16 ಜಿಬಿಯ ಎರಡು ಹಾಕುವುದೇ ಮೇಲು.

ಹಾಗಾದರೆ ನಾಲ್ಕು ಹಾಕಿದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಇರುವುದು ಎರಡೇ ಚಾನೆಲ್, ಅಂದರೆ ಮೆಮೊರಿಗೆ ಹೋಗಿಬರುವ ಎರಡೇ ದಾರಿ. ನಾಲ್ಕು ಸ್ಟಿಕ್ ಹಾಕಿದರೆ ಹರಿವು ಹೆಚ್ಚುವುದಿಲ್ಲ, ಭಾರ ಹೆಚ್ಚುತ್ತದೆ. ರೈಜೆನ್ 7000ಕ್ಕೆ ಎರಡು ಸ್ಟಿಕ್ ಇದ್ದಾಗ ಎಎಂಡಿ ಅಧಿಕೃತವಾಗಿ ಹೇಳುವ ವೇಗ 5200, ನಾಲ್ಕು ಇದ್ದಾಗ 3600. ಎಷ್ಟು ಇಳಿಯಿತು ನೋಡಿ. ಅದಕ್ಕೇ ಈಗ 16ರ ಎರಡು ಹಾಕಿ ಮುಂದೆ ಇನ್ನೆರಡು ಸೇರಿಸುತ್ತೇನೆ ಅನ್ನುವ ಹಳೆಯ ಯೋಜನೆ ಡಿಡಿಆರ್4ನಲ್ಲಿ ನಡೆಯುತ್ತಿತ್ತು, ಡಿಡಿಆರ್5ನಲ್ಲಿ ನೆಚ್ಚುವಂತಿಲ್ಲ. 64 ಬೇಕು ಅಂತ ಗೊತ್ತಿದ್ದರೆ ಈಗಲೇ 32ರ ಎರಡು ತಗೊಳ್ಳಿ. 32 ಸಾಲದು, 64 ಜಾಸ್ತಿಯಾಯಿತು ಅನ್ನುವವರಿಗೆ 24 ಜಿಬಿಯ ಎರಡು ಸ್ಟಿಕ್‌ನ 48 ಜಿಬಿ ಕಿಟ್ ಕೂಡ ಸಿಗುತ್ತದೆ.

ಈಗ ವೇಗ. ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆ ಇರುತ್ತವೆ, 6000 ಮತ್ತು ಸಿಎಲ್30 ಅಂತ. ಮೊದಲನೆಯದು ಎಷ್ಟು ಹರಿಯುತ್ತದೆ ಅಂತ ಹೇಳುತ್ತದೆ, ಎರಡನೆಯದು ಕೇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಅಂತ. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ, ನ್ಯಾನೋಸೆಕೆಂಡ್ ಸಿಗುತ್ತದೆ (ಮೊದಲು ಹೇಳಿದ ನೂರರ ಆಸುಪಾಸಿನಲ್ಲಿ ಇದು ಒಂದು ಭಾಗ ಮಾತ್ರ). ಡಿಡಿಆರ್4-3200 ಸಿಎಲ್16ಕ್ಕೆ 10. ಡಿಡಿಆರ್5-6000 ಸಿಎಲ್30ಕ್ಕೂ 10. ಡಿಡಿಆರ್5-6000 ಸಿಎಲ್36ಕ್ಕೆ 12. ಅಂದರೆ ಸಿಎಲ್30 ನೋಡಿ ಡಿಡಿಆರ್5 ನಿಧಾನ ಅಂದುಕೊಳ್ಳುವುದು ತಪ್ಪು, ಕಾಯುವ ಹೊತ್ತು ಒಂದೇ, ಹರಿವು ಸುಮಾರು ಎರಡು ಪಟ್ಟು.

ಅಧಿಕೃತ ವೇಗಕ್ಕಿಂತ ಹೆಚ್ಚಾದರೂ ಎಎಂ5ಗೆ 6000 ಸಿಎಲ್30 ಅತ್ಯಂತ ಹೊಂದುವ ಜಾಗ. ಅಲ್ಲಿ ಮೆಮೊರಿ ಮತ್ತು ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಒಂದೇ ತಾಳದಲ್ಲಿ ಓಡುತ್ತವೆ. ಅದಕ್ಕಿಂತ ತುಂಬ ಮೇಲಕ್ಕೆ ಹೋದರೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯಬೇಕಾಗುತ್ತದೆ, ದುಬಾರಿ ಕಿಟ್ ತಂದೂ ಲಾಭ ಸೋರಿಹೋಗುತ್ತದೆ. ಸಿಎಲ್30 ದುಬಾರಿಯಾಗಿದ್ದರೆ ಸಿಎಲ್36 ಹಾಕಿ ನೆಮ್ಮದಿಯಾಗಿರಿ. ಕೋರ್ ಅಲ್ಟ್ರಾ 200 ಸರಣಿ ಹೆಚ್ಚಿನ ವೇಗವನ್ನು ಚೆನ್ನಾಗಿ ತಾಳುತ್ತದೆ, ಆದರೆ ಆ ಕಿಟ್‌ಗಳಿಗೆ ಕೊಡುವ ಹೆಚ್ಚಿನ ದುಡ್ಡು ನನಗೆ ಅಷ್ಟಾಗಿ ಸಮರ್ಥನೀಯ ಅನ್ನಿಸುವುದಿಲ್ಲ. ಡಿಡಿಆರ್4 ಆದರೆ 3200 ಸಿಎಲ್16 ಅಥವಾ 3600 ಸಿಎಲ್18, ಎರಡಕ್ಕೂ ಕಾಯುವ ಹೊತ್ತು ಒಂದೇ.

ಇಂಟೆಲ್‌ನ ಎಚ್610 ಬೋರ್ಡ್ ಕೊಳ್ಳುವವರು ಎಚ್ಚರ, ಅದರಲ್ಲಿ ಮೆಮೊರಿ ಓವರ್‌ಕ್ಲಾಕ್ ಇಲ್ಲ. ವೇಗದ ಕಿಟ್ ತಂದರೂ ಪ್ರೊಸೆಸರ್‌ನ ಅಧಿಕೃತ ಮಿತಿಯಲ್ಲೇ ಓಡುತ್ತದೆ. ಬಿ660 ಅಥವಾ ಬಿ760 ಆದರೆ ಆ ತೊಂದರೆಯಿಲ್ಲ. ಎಎಂಡಿಯಲ್ಲಿ ಅಗ್ಗದ ಎ620 ಕೂಡ ಮೆಮೊರಿ ವೇಗ ಹೆಚ್ಚಿಸಲು ಬಿಡುತ್ತದೆ. ಡಿಡಿಆರ್5ನಲ್ಲಿ ಇಸಿಸಿ (ಮೆಮೊರಿಯ ತಪ್ಪು ಹುಡುಕಿ ಸರಿಪಡಿಸುವ ವ್ಯವಸ್ಥೆ) ಬಂದೇ ಬಂದಿದೆ ಅಂತ ಹೇಳುವುದನ್ನೂ ಕೇಳಿರುತ್ತೀರಿ. ಅದು ಚಿಪ್ ಒಳಗಿನ ತಪ್ಪುಗಳನ್ನು ಮಾತ್ರ ಸರಿಪಡಿಸುತ್ತದೆ. ಸರ್ವರ್‌ಗಳಲ್ಲಿರುವ ನಿಜವಾದ ಇಸಿಸಿ ಬೇಕಾದರೆ ಅದಕ್ಕೇ ಮಾಡಿದ ಸ್ಟಿಕ್, ಅದನ್ನು ಒಪ್ಪುವ ಬೋರ್ಡ್ ಮತ್ತು ಪ್ರೊಸೆಸರ್ ಮೂರೂ ಬೇಕು.

ನಾನಾದರೆ ಯಾವ ಜೋಡಿ ಹಾಕುತ್ತೇನೆ

ಓದು, ಬರಹ, ಬ್ರೌಸಿಂಗ್, ಮಕ್ಕಳ ಪಾಠಕ್ಕೆ 5600ಜಿ ಮತ್ತು 8 ಜಿಬಿಯ ಎರಡು ಡಿಡಿಆರ್4-3200 ಸ್ಟಿಕ್. ಕಾರ್ಡ್ ಬೇಡ, ಇಷ್ಟು ಕೆಲಸಕ್ಕೆ ಹಳೆಯ ಎಎಂ4 ಆದರೂ ಸಾಕು. ಇದನ್ನು ಮೀರಿ ಖರ್ಚು ಮಾಡುವುದಕ್ಕಿಂತ ಒಳ್ಳೆಯ ಮಾನಿಟರ್ ಕೊಳ್ಳಿ.

ಆಟಕ್ಕೆ, ಮಧ್ಯಮ ಕಾರ್ಡ್ ಜೊತೆಗೆ, ರೈಜೆನ್ 5 7600 ಮತ್ತು 16ರ ಎರಡು ಡಿಡಿಆರ್5-6000. ಇದರ ಅಧಿಕೃತ ಟಿಡಿಪಿ (ಕೂಲರ್ ಆರಿಸಲು ಕಂಪನಿ ಕೊಡುವ ಶಾಖದ ಲೆಕ್ಕ) 65 ವಾಟ್, ನಿಜವಾದ ವಿದ್ಯುತ್ ಮಿತಿ 88 ವಾಟ್, ಪೆಟ್ಟಿಗೆಯಲ್ಲಿ ಬರುವ ಕೂಲರ್ ಸಾಕು. ಕೋರ್ ಐ7-14700ಕೆಯಂಥದ್ದು 253 ವಾಟ್‌ವರೆಗೆ ಹೋಗುತ್ತದೆ, ಅದಕ್ಕೆ ದೊಡ್ಡ ಕೂಲರ್, ಒಳ್ಳೆಯ ಬೋರ್ಡ್, ಬಲವಾದ ಪವರ್ ಸಪ್ಲೈ ಎಲ್ಲ ಬೇಕು. ಪ್ರೊಸೆಸರ್ ಬೆಲೆ ಹೋಲಿಸುವಾಗ ಈ ಸುತ್ತಲಿನ ಖರ್ಚನ್ನೂ ಸೇರಿಸಿ ಹೋಲಿಸಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

ದೊಡ್ಡ ಕಾರ್ಡ್ ಮತ್ತು ವೇಗದ ಮಾನಿಟರ್ ಇರುವವರಿಗೆ 7800ಎಕ್ಸ್3ಡಿ ಅಥವಾ 9800ಎಕ್ಸ್3ಡಿ, 32 ಜಿಬಿ, ಸಿಎಲ್36 ಆದರೂ ಪರವಾಗಿಲ್ಲ. ಕೋಡ್ ಬರೆಯುವವರಿಗೆ, ವರ್ಚುವಲ್ ಮಷೀನ್ ಓಡಿಸುವವರಿಗೆ ರೈಜೆನ್ 9 7900 ಮತ್ತು 64 ಜಿಬಿ. ದುಡ್ಡು ಎರಡಕ್ಕೂ ಸಾಲದಿದ್ದರೆ ಪ್ರೊಸೆಸರ್ ಅನ್ನು 7700ಕ್ಕೆ ಇಳಿಸಿ, ಮೆಮೊರಿ ಇಳಿಸಬೇಡಿ. ಬೋರ್ಡ್ ಎಎಂ5 ಆಗಿರುವುದರಿಂದ ಮುಂದೆ ಪ್ರೊಸೆಸರ್ ಒಂದನ್ನೇ ಬದಲಾಯಿಸಬಹುದು. ವಿಡಿಯೊ ಎಡಿಟಿಂಗ್ ಮುಖ್ಯ ಕೆಲಸವಾದರೆ ಮಾತ್ರ ನಾನು ಇಂಟೆಲ್ ಕಡೆ ವಾಲುತ್ತೇನೆ, ಅಲ್ಟ್ರಾ 7 265ಕೆ ಮತ್ತು 64 ಜಿಬಿ.

ಜೋಡಿಸಿ ಆನ್ ಮಾಡಿದ ಮೇಲೆ

ಎರಡು ಸ್ಟಿಕ್‌ಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೇ ಮತ್ತು ನಾಲ್ಕನೇ ಜಾಗಕ್ಕೆ ಹಾಕಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಇದೇ ಸರಿ, ಬೋರ್ಡ್ ಪುಸ್ತಕದಲ್ಲೂ ಒಮ್ಮೆ ನೋಡಿ. ದೊಡ್ಡ ಏರ್ ಕೂಲರ್ ಇದ್ದರೆ ಎತ್ತರದ ದೀಪದ ಸ್ಟಿಕ್‌ಗಳು ಅದಕ್ಕೆ ತಗುಲುತ್ತವೆ, ಕೊಳ್ಳುವ ಮೊದಲೇ ಅಳತೆ ನೋಡಿಕೊಳ್ಳಿ.

ಡಿಡಿಆರ್5 ಯಂತ್ರ ಮೊದಲ ಸಲ ಆನ್ ಆದಾಗ ಪರದೆ ಕಪ್ಪಗೆ ಇರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಬೋರ್ಡ್ ಮೇಲೆ ಡಿರ‍್ಯಾಮ್ ಅಂತ ಗುರುತಿರುವ ಚಿಕ್ಕ ದೀಪ ಉರಿಯುತ್ತಿರುತ್ತದೆ. ಎದೆ ಧಸಕ್ ಅನ್ನುತ್ತದೆ, ಗೊತ್ತು. ಗಾಬರಿಯಾಗಿ ಆಫ್ ಮಾಡಬೇಡಿ. ಅದು ಮೆಮೊರಿ ಟ್ರೈನಿಂಗ್, ಪ್ರತಿ ಸ್ಟಿಕ್ ಜೊತೆ ಸರಿಯಾದ ಸಮಯ ಹೊಂದಿಸಿಕೊಳ್ಳುವ ಕೆಲಸ. ಕೆಲವು ನಿಮಿಷ ಹಿಡಿಯಬಹುದು, ರ‍್ಯಾಮ್ ಜಾಸ್ತಿ ಇದ್ದಷ್ಟೂ ಹೆಚ್ಚು ಹೊತ್ತು.

ಪರದೆ ಬಂದ ಮೇಲೆ ಬಯಾಸ್‌ಗೆ ಹೋಗಿ ಎಎಂಡಿಯಲ್ಲಿ ಎಕ್ಸ್‌ಪೋ, ಇಂಟೆಲ್‌ನಲ್ಲಿ ಎಕ್ಸ್‌ಎಂಪಿ (ಕಿಟ್ ಅನ್ನು ಪೆಟ್ಟಿಗೆಯ ಮೇಲಿನ ವೇಗಕ್ಕೆ ಹೊಂದಿಸುವ ಆಯ್ಕೆ) ಆನ್ ಮಾಡಿ. ಇದನ್ನು ಮಾಡದಿದ್ದರೆ 6000ದ ಕಿಟ್ 4800ರಲ್ಲೇ ಓಡುತ್ತಾ ಇರುತ್ತದೆ, ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಬಳಸುತ್ತಾರೆ. ಆಮೇಲೆ ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಓಡಲು ಬಿಡಿ, ವಿಂಡೋಸ್ ಅಥವಾ ಲಿನಕ್ಸ್ ಹಾಕುವುದು ಅದಾದ ಮೇಲೆ. ಒಂದೇ ಒಂದು ತಪ್ಪು ತೋರಿಸಿದರೂ ಸುಮ್ನೆ ಬಿಡಬೇಡಿ. ಮೊದಲು ವೇಗವನ್ನು 5600ಕ್ಕೆ ಇಳಿಸಿ ನೋಡಿ. ಆಗಲೂ ತಪ್ಪು ಬಂದರೆ ಎಕ್ಸ್‌ಪೋ ಪೂರ್ತಿ ಆಫ್ ಮಾಡಿ, ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ. ಒಂದು ಸ್ಟಿಕ್ ಮಾತ್ರ ಕೆಟ್ಟಿದ್ದರೂ ಇಡೀ ಕಿಟ್ ಅನ್ನೇ ಬದಲಾಯಿಸಿಕೊಳ್ಳಿ, ಅದೂ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ.